ಮಧ್ಯಾಹ್ನದ ರೊಟ್ಟಿ ಮತ್ತು ತಾಮ್ರದ ಜೋಡು

ಕೊರೊನಾದ ಗದ್ದಲ ಅಡಗಿದ ಮರುವರ್ಷದ ಮಾತು. ಅಕ್ಕಲಕೋಟದಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳ ಬಚತ್ ಗಟ್ ನಡೆಸುವ ಖಡಕ್ ರೊಟ್ಟಿ ಕಾರಖಾನೆಯಲ್ಲಿ ನಾನು ಆಗ ಬೆಳಗಿನ ಪಾಳಿಗೆ ಡ್ರೈಯರ್ ನೋಡುವವಳು. ಬಚತ್ ಗಟ್ ಎಂದರೆ ಕರ್ನಾಟಕದ ಕಡೆ ಸ್ವಸಹಾಯ ಸಂಘ ಅನ್ನುತ್ತಾರಲ್ಲ, ಅದೇ. ಕಾರಖಾನೆ ಅಂದೆನೆಂದು ಗೇಟು, ವಾಚಮನ್, ಹೊಗೆ ಕೊಳವೆ ಎಲ್ಲ ಕಣ್ಣ ಮುಂದೆ ತಂದುಕೊಳ್ಳಬೇಡಿ. ನಮ್ಮ ಅಧ್ಯಕ್ಷೆ ಮಂಗಲಕ್ಕನ ಮನೆಯ ಹಿಂದೆ ಶೇಂಗಾ ತುಂಬುವ ಗೋದಾಮು ಒಂದಿತ್ತು. ಅದಕ್ಕೆ ಸುಣ್ಣ ಹೊಡೆದು, ನೆಲಕ್ಕೆ ಫರಸಿ ಹಾಕಿಸಿ ಮಾಡಿಕೊಂಡ ಜಾಗ. ನಾನು ಮೂಲತಃ ಮನೆವಾರ್ತೆಯ ಹೆಂಗಸು. ದೇವರ ಮುಂದೆ ದೀಪ, ಮನೆಯವರಿಗೆ ಡಬ್ಬಿ, ಅತ್ತೆಯವರಿಗೆ ಗಂಜಿ, ಇಷ್ಟು ಮುಗಿಸಿ ಸೆರಗು ಸಿಗಿಸಿಕೊಂಡು ನಡೆದೇ ಹೋಗುತ್ತಿದ್ದೆ. ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಕೆಲಸ ಸಿಕ್ಕಿದ್ದು ದೇವಿ ಅಂಬಾಬಾಯಿಯ ದಯೆ ಎಂದು ಇವತ್ತಿಗೂ ನೆನೆಯುತ್ತೇನೆ.

ಖಡಕ್ ರೊಟ್ಟಿಯ ಕೆಲಸ ಹೀಗೆ: ಜೋಳದ ಇಲ್ಲವೆ ಸಜ್ಜಿಯ ಹಿಟ್ಟು ನಾದಿ, ಎಳ್ಳು ಹಚ್ಚಿ, ಕೈಯಿಂದ ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸುವುದು. ಆಮೇಲೆ ನೀರಿನ ಪಸೆ ಒಂದಿಷ್ಟೂ ಉಳಿಯದಂತೆ ಒಣಗಿಸುವುದು. ಸರಿಯಾಗಿ ಒಣಗಿದ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಮುರಿದರೆ ಹಪ್ಪಳದ ಹಾಗೆ ಸದ್ದು ಮಾಡುತ್ತದೆ. ಮೊದಲು ಒಲೆಯ ಬದಿಗೆ ನಿಲ್ಲಿಸಿ ಒಣಗಿಸುತ್ತಿದ್ದೆವು. ಮಾಲು ಹೆಚ್ಚಾದ ಮೇಲೆ ಡ್ರೈಯರ್ ತಂದೆವು. ಅದು ಕಬ್ಬಿಣದ ಕಪಾಟಿನಂಥ ಪೆಟ್ಟಿಗೆ. ಒಳಗೆ ಜಾಳಿಗೆಯ ಟ್ರೇಗಳು, ಹಿಂದೆ ಹೀಟರ್ ಮತ್ತು ಫ್ಯಾನು. ಒಳಗಿನ ಶಾಖ ಎಷ್ಟೆಂದು ತೋರಿಸಲು ಗೋಡೆಯ ಪ್ಯಾನೆಲ್ಲಿನಲ್ಲಿ ಒಂದು ಮೀಟರು. 110 ಡಿಗ್ರಿಗೆ ಇಟ್ಟರೆ ಅಲ್ಲಿಗೆ ಮುಟ್ಟಿದ ಕೂಡಲೇ ಹೀಟರ್ ತಾನೇ ಬಂದ್ ಆಗುತ್ತದೆ, ಇಳಿದರೆ ತಾನೇ ಚಾಲೂ ಆಗುತ್ತದೆ. ಮೀಟರಿಗೆ ಶಾಖದ ಸುದ್ದಿ ಮುಟ್ಟಿಸುವುದು ಡ್ರೈಯರಿನೊಳಗೆ ಚುಚ್ಚಿದ, ಬೆರಳಿಗಿಂತ ಸಣ್ಣದಾದ ಒಂದು ಕಡ್ಡಿ. ಅದಕ್ಕೆ ಥರ್ಮೋಕಪಲ್ ಅನ್ನುತ್ತಾರೆ. ಆ ಹೆಸರು ನನ್ನ ಬಾಯಲ್ಲಿ ಹೊರಳಲು ಬಹಳ ದಿನ ಹಿಡಿಯಿತು. ನಾವು ಕಡ್ಡಿ ಅಂತಲೇ ಅನ್ನುತ್ತಿದ್ದೆವು.

ಮಧ್ಯಾಹ್ನದ ಪಾಳಿ ಗೌರಾಬಾಯಿಯದು. ಮೈಂದರ್ಗಿಯಿಂದ ಅಕ್ಕಲಕೋಟಕ್ಕೆ ಕೊಟ್ಟ ಹೆಣ್ಣು, ನಮ್ಮೆಲ್ಲರಿಗಿಂತ ಹಿರಿಯಳು, ಮಗ ಸೊಸೆಯ ಜೊತೆ ಇದ್ದಳು. ಮರಾಠಿಯಲ್ಲಿ ಚಿಕ್ಕಮ್ಮನಿಗೆ ಮಾವಶಿ ಅನ್ನುತ್ತಾರೆ. ಎಲ್ಲರಿಗೂ ಅವಳು ಮಾವಶಿ. ಬಾಯಿ ಜೋರು, ಕೈ ಚುರುಕು. ಹೊಸ ಸೊಸೆಯಂದಿರು ಹಿಟ್ಟು ಗಟ್ಟಿ ನಾದಿದರೆ, "ಯಾಕವ್ವಾ, ರೊಟ್ಟಿ ಬಡಿತಿಯೋ, ಗಂಡನ ಸಿಟ್ಟ ತೀರಿಸ್ಕೊತಿಯೋ?" ಎಂದು ನಗಿಸುವವಳು. ಕೊರೊನಾದಲ್ಲಿ ಆಸ್ಪತ್ರೆಗೆ ಹೋಗಿ ಬದುಕಿ ಬಂದಿದ್ದಳು. ಬಂದ ಮೇಲೆ ಕೆಲವು ತಿಂಗಳು ಮೂಗಿಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಒಂದು ದಿನ ಒಗ್ಗರಣೆಯ ಬಳ್ಳುಳ್ಳಿಯ ವಾಸನೆ ಬಂತೆಂದು ಕಣ್ಣಲ್ಲಿ ನೀರು ತಂದುಕೊಂಡು ಓಣಿ ತುಂಬ ಪೇಢೆ ಹಂಚಿದ್ದಳು. ಆ ಪೇಢೆ ನಾನೂ ತಿಂದಿದ್ದೇನೆ.

ಆ ವರ್ಷ ದಸರೆ ಮುಗಿದ ಮೇಲೆ ಡ್ರೈಯರಿನ ಜಾಗ ಬದಲಾಯಿತು. ಮಂಗಲಕ್ಕನ ತವರಿನ ಕಡೆಯ ಜಂಗಮರೊಬ್ಬರು ಬಂದವರು ಗೋದಾಮು ನೋಡಿ, ಬೆಂಕಿಯ ಕೆಲಸ ವಾಯವ್ಯದಲ್ಲಿ ಇರಬಾರದು, ಆಗ್ನೇಯ ಮೂಲೆಗೆ ಇರಲಿ ಎಂದರು. ನನಗೂ ಸರಿ ಅನಿಸಿತು. ನಮ್ಮ ಮನೆಯ ಒಲೆಯೂ ಆಗ್ನೇಯಕ್ಕೇ ಇದೆ. ಆದರೆ ಪ್ಯಾನೆಲ್ ಮತ್ತು ಮೀಟರು ಬಾಗಿಲ ಬದಿಯ ಗೋಡೆಗೆ ಇದ್ದವು. ಕರೆಂಟಿನ ಲೈನು ಅಲ್ಲಿಗೇ ಬಂದಿತ್ತು. ಡ್ರೈಯರ್ ಮಾತ್ರ ಆಚೆ ಮೂಲೆಗೆ ಹೋಯಿತು.

ಸರಿಸುವ ಕೆಲಸ ಮಾಡಿದವನು ಪ್ರಕಾಶ. ಊರಲ್ಲಿ ಮನೆಗಳಿಗೆ ವೈರಿಂಗ್ ಮಾಡುವ ನಂಬಿಗಸ್ತ ಮನುಷ್ಯ, ಮಂಗಲಕ್ಕನಿಗೆ ದೂರದ ಸಂಬಂಧಿ. ಹೀಟರಿನ ಕೇಬಲ್ಲನ್ನು ಹೊಸದೇ ಎಳೆದ. ಹೊಗೆ, ಹಬೆ ಒಳಗೆ ತುಂಬಬಾರದೆಂದು ಗೋಡೆಗೆ ತೂತು ಕೊರೆದು ಡ್ರೈಯರಿನ ಗಾಳಿಯನ್ನು ಪೈಪಿನಿಂದ ಹೊರಗೆ ಬಿಟ್ಟ. ಕೊನೆಗೆ ಕಡ್ಡಿಯ ವೈರು ಮೀಟರಿನ ತನಕ ಮುಟ್ಟದೆ ಗಿಡ್ಡವಾಯಿತು. ಅದು ನೂಲಿನಷ್ಟು ತೆಳ್ಳನೆಯ ವೈರು. ಪ್ರಕಾಶ ಅದಕ್ಕೆ ಒಳ್ಳೆಯ ಕಂಪನಿಯ ದಪ್ಪ ತಾಮ್ರದ ವೈರು ತಂದು, ಡ್ರೈಯರಿನ ತಲೆಯ ಮೇಲೆ ಒಂದು ಪ್ಲಾಸ್ಟಿಕ್ ಕನೆಕ್ಟರ್ ಕೂಡಿಸಿ, ಸ್ಕ್ರೂ ಬಿಗಿದು ಜೋಡಿಸಿದ. "ಮದಲಿನ ವೈರ್‌ಕಿಂತ ಇದ ಗಟ್ಟಿ ಅದರಿ ಕಾಕು, ಹತ್ತ ವರ್ಷ ಏನೂ ಆಗಂಗಿಲ್ಲ" ಎಂದು ಮಂಗಲಕ್ಕನಿಗೆ ಹೇಳಿದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ವೈರಿಗೆ ಏನೂ ಆಗಲೂ ಇಲ್ಲ. ಡ್ರೈಯರಿಗೆ ಪೂಜೆ ಮಾಡಿ, ಕಾಯಿ ಒಡೆದು ಚಾಲೂ ಮಾಡಿದೆವು.

ದೀಪಾವಳಿ ಕಳೆದು ಕೆಲವು ದಿನಕ್ಕೆ ನಮ್ಮ ಮಾಲು ಕೊಳ್ಳುತ್ತಿದ್ದ ಸೊಲ್ಲಾಪುರದ ವ್ಯಾಪಾರಿಯಿಂದ ಫೋನು ಬಂತು. ಅರ್ಧ ಪಾಕೀಟು ಮೊದಲಿನ ಹಾಗೇ ಇವೆ, ಇನ್ನರ್ಧದಲ್ಲಿ ರೊಟ್ಟಿಯ ಅಂಚು ಕಂದಿದೆ, ಎಳ್ಳು ಕರಿಯಾಗಿ ಕಹಿ ಬಡಿಯುತ್ತಿದೆ ಎಂದ. ಮಾಲು ತಿರುಗಿ ಬಂತು. ಮುರಿದು ತಿಂದು ನೋಡಿದೆವು. ಖರೆ, ಕಹಿ ಇತ್ತು.

ಹೇಗಾಯಿತೆಂದು ತಿಳಿಯಲು ಮಂಗಲಕ್ಕ ಬೆಳಗಿನ ಮಾಲು, ಮಧ್ಯಾಹ್ನದ ಮಾಲು ಬೇರೆ ಬೇರೆ ಬುಟ್ಟಿಗೆ ಹಾಕಿಸಿದಳು. ಬೆಳಗಿನ ಬುಟ್ಟಿಯಲ್ಲಿ ಕೆನೆ ಬಣ್ಣದ ರೊಟ್ಟಿ. ಮಧ್ಯಾಹ್ನದ ಬುಟ್ಟಿಯಲ್ಲಿ ಕಂದಿದ ರೊಟ್ಟಿ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಬೆಳಿಗ್ಗೆ ನಾನು, ಮಧ್ಯಾಹ್ನ ಗೌರಾಬಾಯಿ. ಹಿಟ್ಟು ಅದೇ, ಬಡಿದ ಕೈಗಳು ಅವೇ, ಮೀಟರಿನಲ್ಲಿ ಎರಡೂ ಹೊತ್ತು 110. ಬದಲಾಗುತ್ತಿದ್ದದ್ದು ಡ್ರೈಯರಿನ ಮುಂದೆ ನಿಂತ ಹೆಂಗಸು ಒಬ್ಬಳೇ.

ಪ್ಯಾಕಿಂಗಿನಲ್ಲಿ ಕೂಡುತ್ತಿದ್ದ ಕಸ್ತೂರಿ ಮನಸ್ಸಿನಿಂದ ಕೆಟ್ಟವಳಲ್ಲ, ನಾಲಿಗೆ ಮಾತ್ರ ತಡೆಯುವುದಿಲ್ಲ. "ಎಲ್ಲಾರೂ ಹೊರಗ ಬಂದ್ರು, ಮಾವಶಿ ಮೂಗ ಒಂದ ಇನ್ನೂ ಕ್ವಾರಂಟೈನ್‌ನಾಗ ಅದ ನೋಡ್ರಿ" ಅಂದಳು. ಎಲ್ಲರೂ ನಕ್ಕರು. ಮಾವಶಿಯೂ ನಕ್ಕಳು. ಆದರೆ ಅವತ್ತಿನಿಂದ ಅವಳು ಟ್ರೇ ಎಳೆದಾಗಲೆಲ್ಲ ರೊಟ್ಟಿಯನ್ನು ಮೂಗಿಗೆ ಹಿಡಿದು ಹಿಡಿದು ನೋಡುವುದನ್ನು ಕಂಡೆ.

"ಕಂದಾಕತ್ತಿದ್ದ ನಿನಗ ವಾಸನಿ ಬರೂದಿಲ್ಲೇನ ಮಾವಶಿ?" ಎಂದು ಮಂಗಲಕ್ಕ ಮೆತ್ತಗೆ ಕೇಳಿದಳು.

"ಇಲ್ಲವ್ವಾ. ಬಾಗಲಾ ತಗದ ಮ್ಯಾಲೇ ಗೊತ್ತಾಗ್ತದ. ಅಷ್ಟೊತ್ತಿಗೆ ಆಗಿ ಹೋಗಿರ್ತದ."

ಆದರೂ ಮಂಗಲಕ್ಕ ದುಡುಕಲಿಲ್ಲ, ಅದನ್ನು ಹೇಳಲೇಬೇಕು. ಮೀಟರು ಸುಳ್ಳು ತೋರಿಸುತ್ತಿದ್ದರೆ ಏನು ಮಾಡುವುದು, ಮೊದಲು ಅದನ್ನು ನೋಡೋಣ ಎಂದು ಪ್ರಕಾಶನನ್ನು ಕರೆಸಿದಳು. ಅವನು ಬಂದದ್ದು ಅಮವಾಸ್ಯೆಯ ದಿನ. ನಮ್ಮವೆಲ್ಲ ಒಕ್ಕಲುತನದ ಮನೆಗಳು. ಅಮವಾಸ್ಯೆಗೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಡ್ರೈಯರ್ ಬಂದ ಮೊದಲ ತಿಂಗಳೇ ಮಂಗಲಕ್ಕ "ಇದೂ ನಮಗ ದುಡದ ಹಾಕೂ ಜೀವನs" ಎಂದು ಅದಕ್ಕೂ ಅಮವಾಸ್ಯೆಯ ಸೂಟಿ ಕೊಟ್ಟಿದ್ದಳು. ಅವತ್ತು ಅದನ್ನು ಒರೆಸಿ, ಅರಿಸಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ ಬಿಡುತ್ತೇವೆ. ಕುದಿಯುವ ನೀರಿನ ಪರೀಕ್ಷೆ, ನೀರು ಚೆಲ್ಲಬಹುದು, ಹೀಟರ್ ಬಂದ್ ಇರುವ ದಿನವೇ ಒಳ್ಳೆಯದೆಂದು ಪ್ರಕಾಶನೂ ಅಂದ. ಮೀಟರಿಗೆ ಬೇರೆ ಸ್ವಿಚ್ಚು ಇತ್ತು, ಅದೊಂದನ್ನೇ ಹಾಕಿದ.

ಗ್ಯಾಸಿನ ಮೇಲೆ ಪಾತೇಲಿ ಇಟ್ಟು ನೀರು ಕುದಿಸಿದೆವು. ಪ್ರಕಾಶ ಡ್ರೈಯರಿನಿಂದ ಕಡ್ಡಿ ಎಳೆದು, ಅದರ ವೈರು ಬಿಚ್ಚದೆ, ಕುದಿಯುವ ನೀರಿಗೆ ಅದ್ದಿದ. ಹೆಂಗಸರೆಲ್ಲ ಮೀಟರಿನ ಮುಂದೆ ನಿಂತೆವು. ಕೆಂಪು ಅಂಕಿ ಏರುತ್ತ ಏರುತ್ತ 98ಕ್ಕೆ ನಿಂತಿತು.

"ನೂರಕ್ಕ ಎರಡ ಕಮ್ಮಿ ಆತಲ್ಲ?" ಎಂದಳು ಕಸ್ತೂರಿ.

"ನಮ್ಮೂರ ಎತ್ತರದಾಗ ಅದರಿ, ಇಲ್ಲೆ ನೀರ ನೂರಕ್ಕಿಂತ ಒಂದಿಷ್ಟ ಮದಲ ಕುದಿತದ. ಮೀಟರ್ ಏಕದಂ ಬರೋಬ್ಬರಿ ಅದ." ಪ್ರಕಾಶನ ಮುಖದಲ್ಲಿ ಕೆಲಸ ಸರಿಯಾಗಿ ಮಾಡಿದವನ ನೆಮ್ಮದಿ ಇತ್ತು. ನನಗೂ ನೆಮ್ಮದಿಯಾಯಿತು. ಯಂತ್ರ ಸರಿಯಿದೆ, ಹೊಸದು ತರುವ ಕಷ್ಟ ತಪ್ಪಿತು ಎಂದು ಮನಸ್ಸಿನಲ್ಲೇ ದೇವಿಗೆ ಕೈ ಮುಗಿದೆ.

ಆಮೇಲೆ ಯಾರೂ ಮಾವಶಿಯ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಅವಳಿಗೆ ಸಾಕಾಯಿತು. ಪಾತೇಲಿಯ ನೀರು ತಾನೇ ಹೊರಗೆ ಚೆಲ್ಲಿ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೇಳಿದಳು.

"ನನ್ನ ಮೂಗ ಹೋಗೇದವ್ವಾ. ಬಂದದ ಅಂತ ತಿಳಕೊಂಡ ನಾನ ಪೇಢಾ ಹಂಚಿದೆ. ಬ್ಯಾರೆದವರನ್ನ ನಿಲ್ಲಸ್ರಿ."

"ಪ್ಯಾಕಿಂಗ್‌ಗೆ ಕೂಡ ಮಾವಶಿ. ಹೋಗು ಅಂತ ಯಾರ ಅಂದಾರ?" ಎಂದಳು ಮಂಗಲಕ್ಕ.

"ಬ್ಯಾಡ ನನ್ನವ್ವ. ಸುಟ್ಟದ್ದು ತಿಳೀದಾಕಿ ನಾಕ ಮಂದಿ ತಿನ್ನೂ ಮಾಲಿನ ಹತ್ರ ಇರಬಾರದು."

ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟಳು. ನಾನು ಬಾಗಿಲ ತನಕ ಹೋದೆ. "ನಾಳಿಗಿ ಬಾ ಮಾವಶಿ" ಅಂದೆ. ಕೈ ಮಾತ್ರ ಎತ್ತಿದಳು, ತಿರುಗಿ ನೋಡಲಿಲ್ಲ. ಇವತ್ತು ನೆನೆದರೆ ಅನಿಸುತ್ತದೆ, ಅವತ್ತು ಯಾರಾದರೂ ಒಬ್ಬರು ಕೆಟ್ಟವರಿದ್ದಿದ್ದರೆ ಎಷ್ಟೋ ಚಲೋ ಇತ್ತು. ಜಗಳ ಆಡಬಹುದಿತ್ತು. ಅಲ್ಲಿ ಎಲ್ಲರೂ ಒಳ್ಳೆಯವರೇ, ಎಲ್ಲರೂ ತಿಳಿದಷ್ಟು ಸರಿಯಾಗಿಯೇ ಮಾಡಿದ್ದರು.

ಬೆಳಗಿನ ಪಾಳಿಗೆ ಕಸ್ತೂರಿಯನ್ನು ನಿಲ್ಲಿಸಿ, ಮಧ್ಯಾಹ್ನ ನನಗೆ ಒಪ್ಪಿಸಿದರು. "ಸುವರ್ಣಾನ ಕೈ ಛಲೋ" ಎಂದು ನನ್ನನ್ನು ಹೊಗಳಿದರು. ಮೊದಲ ದಿನವೇ ನನ್ನ ಕೈಯ ಗುಣ ಎಲ್ಲರಿಗೂ ಗೊತ್ತಾಯಿತು. ಕಣ್ಣು ಮಿಟುಕಿಸದೆ ನಿಂತಿದ್ದೆ, ಮೀಟರು 110 ಬಿಟ್ಟು ಅಲುಗಲಿಲ್ಲ, ಟ್ರೇ ಎಳೆದರೆ ಮಾವಶಿಯ ರೊಟ್ಟಿಗಿಂತ ಹೆಚ್ಚೇ ಕಂದಿದ್ದವು.

"ಏನ ಯಕ್ಕಾ, ನಿನ್ನ ಮೂಗೂ ಹೋತೇನ?" ಎಂದಳು ಕಸ್ತೂರಿ. ಅಂದವಳೇ ನಾಲಿಗೆ ಕಚ್ಚಿಕೊಂಡಳು. ಈ ಸಲ ಯಾರೂ ನಗಲಿಲ್ಲ.

ನನ್ನ ಮೂಗಿಗೆ ಏನೂ ಆಗಿರಲಿಲ್ಲ. ಆದರೂ ಡ್ರೈಯರಿನ ಮುಂದೆ ನನಗೆ ಸುಟ್ಟ ವಾಸನೆಯೇ ಬಂದಿರಲಿಲ್ಲ. ಮುಖ ತೊಳೆಯಲು ಗೋದಾಮಿನ ಹಿಂದಕ್ಕೆ ಹೋದೆ. ಅಲ್ಲಿ ನಳದ ಹತ್ತಿರ ನಿಂತ ಕೂಡಲೇ ಎಳ್ಳು ಸೀದ ಕಮಟು ಗಪ್ಪನೆ ಹೊಡೆಯಿತು. ತಲೆ ಎತ್ತಿ ನೋಡಿದರೆ ಗೋಡೆಯಿಂದ ಹೊರಗೆ ಬಂದ ಪೈಪು. ಪ್ರಕಾಶ ಕೂಡಿಸಿದ್ದ ಪೈಪು ಹಬೆಯ ಜೊತೆ ವಾಸನೆಯನ್ನೂ ಹೊರಗೆ ಒಯ್ದು ಬಿಡುತ್ತಿತ್ತು. ಒಳಗೆ ನಿಂತವರಿಗೆ, ಮೂಗು ಎಷ್ಟೇ ಚುರುಕಿದ್ದರೂ, ಏನೂ ತಿಳಿಯುವಂತಿರಲಿಲ್ಲ. ಮಂಗಲಕ್ಕನನ್ನು ಕೈ ಹಿಡಿದು ಎಳೆದು ತಂದು ಅಲ್ಲಿ ನಿಲ್ಲಿಸಿದೆ. ಅವಳು ಒಮ್ಮೆ ಉಸಿರೆಳೆದು ಹಣೆ ಹಣೆ ಬಡಿದುಕೊಂಡಳು. "ಅಯ್ಯ, ಆ ಮುದಕಿನ್ನ ಸುಮ್ಮನ ಕಳಿಸಿದೆವಲ್ಲ" ಅಂದಳು.

ಸೊಲ್ಲಾಪುರದಿಂದ ಮುಜಾವರ ಅನ್ನುವವರನ್ನು ಕರೆಸಿದೆವು. ಟಾವೆಲ್ಲಿಗೆ ಬಣ್ಣ ಹಾಕುವ ಕಾರಖಾನೆಗಳಲ್ಲಿ ಇಂಥ ಮೀಟರು, ಕಡ್ಡಿಗಳನ್ನೇ ರಿಪೇರಿ ಮಾಡುವವರು. ಬೆಳಗಿನ ಬಸ್ಸಿಗೆ ಹೆಗಲ ಚೀಲ ಹಾಕಿಕೊಂಡು ಬಂದರು. ಪ್ರಕಾಶನೂ ಇದ್ದ. ನೀರಿನ ಪರೀಕ್ಷೆ ಮಾಡಿದ್ದು, 98 ಬಂದದ್ದು ಎಲ್ಲ ಹೇಳಿದ. ಮುಜಾವರ ಭಾಯಿ ಕೇಳಿಕೊಂಡು, "ಆಗ ಡ್ರೈಯರ್ ಚಾಲೂ ಇತ್ತ?" ಎಂದು ಒಂದೇ ಪ್ರಶ್ನೆ ಕೇಳಿದರು.

"ಇಲ್ಲರಿ, ಅಮವಾಸಿ. ಸೂಟಿ."

"ಹಂಗಾರ ಈಗ ಚಾಲೂ ಮಾಡ್ರಿ. ಅಕ್ಕಾರ, ಚಹಾ ಮಾಡ್ರಿ, ಸಾವಕಾಶ ಕುಡೂಣು. ಮಶೀನ್ ಪೂರಾ ಕಾಯಲಿ. ಥಂಡಿ ಇದ್ದಾಗ ಇದ ನಿಮಗ ಏನೂ ಹೇಳೂದಿಲ್ಲ."

ಚಹಾ ಆಯಿತು, ನಾಷ್ಟಾ ಆಯಿತು, ಕಸ್ತೂರಿಯ ಬೆಳಗಿನ ಮಾಲು ಇಳಿಯಿತು. ಬಿಸಿಲು ಏರಿದ ಮೇಲೆ ಅವರು ಎದ್ದು ಚೀಲದಿಂದ ತಮ್ಮದೇ ಒಂದು ಕಡ್ಡಿ, ಕೈಯಲ್ಲಿ ಹಿಡಿಯುವ ಮೀಟರು ತೆಗೆದು, ನಮ್ಮ ಕಡ್ಡಿಯ ಮಗ್ಗುಲಿಗೇ ಚುಚ್ಚಿದರು. ಗೋಡೆಯ ಮೇಲಿನ ನಮ್ಮ ಮೀಟರಿನಲ್ಲಿ 110. ಅವರ ಕೈಯ ಮೀಟರಿನಲ್ಲಿ 143. ಪ್ರಕಾಶ ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದ. ಅಂಕಿ ಅದೇ ಇತ್ತು.

ಮುಜಾವರ ಭಾಯಿ ವೈರಿನ ಗುಂಟ ಬೆರಳಾಡಿಸುತ್ತ ಹೋಗಿ ಡ್ರೈಯರಿನ ತಲೆಯ ಮೇಲಿನ ಕನೆಕ್ಟರಿಗೆ ಮುಟ್ಟಿ, ಚಟ್ಟನೆ ಕೈ ತೆಗೆದರು. "ಹಾಂ. ಇಲ್ಲೆ ಅದ ನೋಡ್ರಿ ನಿಮ್ಮ ಕಳ್ಳ."

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಥರ್ಮೋಕಪಲ್ ಅಂದರೆ ಎರಡು ಬೇರೆ ಬೇರೆ ಧಾತುವಿನ, ಅಂದರೆ ಲೋಹದ, ತಂತಿ, ತುದಿಯಲ್ಲಿ ಕೂಡಿಸಿದ್ದು. ಆ ತುದಿ ಬಿಸಿಯಾಗಿ, ತಂತಿಗಳ ಇನ್ನೊಂದು ಕೊನೆ ತಂಪಾಗಿದ್ದರೆ, ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಎರಡು ಕೊನೆಗಳ ಶಾಖದ ಅಂತರ ಎಷ್ಟೋ, ವೋಲ್ಟೇಜ್ ಅಷ್ಟು. ಮೀಟರು ಅದನ್ನು ಓದಿ, ತನ್ನ ಹತ್ತಿರದ ಕೊನೆ ಎಷ್ಟು ಬಿಸಿ ಇದೆಯೋ ಅದನ್ನು ತಾನೇ ನೋಡಿಕೊಂಡು ಕೂಡಿಸಿ ತೋರಿಸುತ್ತದೆ. ಅದಕ್ಕಾಗಿ ಅದೇ ಎರಡು ಧಾತುಗಳು ಮೀಟರಿನ ಸ್ಕ್ರೂ ತನಕ ಹೋಗಬೇಕು. ನಡುವೆ ತಾಮ್ರ ಜೋಡಿಸಿದರೆ ಅಳತೆ ಜೋಡಿನ ಹತ್ತಿರವೇ ಮುಗಿದು ಹೋಗುತ್ತದೆ.

ಕಸ್ತೂರಿಗೆ ತಿಳಿಯಲಿಲ್ಲ, ನನಗೂ ಅರ್ಧ ತಿಳಿಯಿತು. ಮುಜಾವರ ಭಾಯಿ ಸುತ್ತ ನೋಡಿ ಕೂಡುವ ಮಣೆ ಎಳೆದು ಕಸ್ತೂರಿಯ ಮುಂದೆ ಇಟ್ಟರು.

"ಇದರ ಮ್ಯಾಲೆ ನಿಂದರು ತಂಗಿ. ಈಗ ನಿನ್ನ ತಲಿ ನೆಲದಿಂದ ಎಷ್ಟ ಎತ್ತರ ಅದ ಅಂತ ಟೇಪ್ ಹಿಡೀಬೇಕು. ನಾ ನೆಲಕ್ಕ ಹಿಡೀದs ಮಣಿ ಮ್ಯಾಲೆ ಹಿಡದ್ರ?"

"ಮಣಿ ಎಷ್ಟ ದಪ್ಪ ಅದ, ಅಷ್ಟ ಕಮ್ಮಿ ಬರ್ತದ."

"ಬರೋಬ್ಬರ್. ಈ ಜೋಡ ಅಂದ್ರ ಮಣಿ. ಮುಂಜಾನಿ ಡ್ರೈಯರ್ ಥಂಡಿ, ಜೋಡೂ ಥಂಡಿ. ಮಣಿನs ಇಲ್ಲ, ಅಳತಿ ಖರೆ ಬರ್ತದ. ಹೊತ್ತ ಏರಿಧಂಗ ಡ್ರೈಯರಿನ ತಲಿ ಕಾಯ್ತದ, ಮಣಿ ಎತ್ತರ ಆಗ್ತಾ ಹೋಗ್ತದ. ಮೀಟರ್ ನೂರಾಹತ್ತ ಅಂತದ, ಒಳಗ ನೂರಾನಲವತ್ತ ದಾಟಿರ್ತದ. ನೀರ ಕುದಿಸಿದ ದಿನ ಡ್ರೈಯರ್ ಥಂಡಿ ಇತ್ತು, ಅದಕ್ಕ ಪಾಸ್ ಆತು."

ನಂಬಿಸಲು ಒಂದು ಕೆಲಸ ಮಾಡಿದರು. ಒದ್ದೆ ಅರಿವೆ ಕೇಳಿದರು. "ಈ ವೈರಿನಾಗ ಶಾಕ್ ಹೊಡೆಯುವಂಥಾದ್ದೇನೂ ಇಲ್ಲ, ಆದ್ರೂ ನೀವ ಯಾರೂ ಮಾಡಬ್ಯಾಡ್ರಿ" ಎಂದು ಹೇಳಿ, ಅರಿವೆಯನ್ನು ಚೆನ್ನಾಗಿ ಹಿಂಡಿ, ಕನೆಕ್ಟರಿನ ಸುತ್ತ ತಾವೇ ಸುತ್ತಿದರು. ಡ್ರೈಯರಿನ ಬಾಗಿಲು ಯಾರೂ ಮುಟ್ಟಿರಲಿಲ್ಲ. ನೋಡನೋಡುತ್ತ ಗೋಡೆಯ ಮೀಟರು ಏರತೊಡಗಿತು. 112, 117, 124. ಹೀಟರ್ ತಾನೇ ಬಂದ್ ಆಯಿತು. ಅರಿವೆ ತಂಪು ಕೊಟ್ಟಿದ್ದು ಜೋಡಿಗೆ, ಮೀಟರು ಹೇಳಿದ್ದು ಶಾಖ ಏರಿತೆಂದು. ಅಷ್ಟು ದಿನ ದೇವರ ಮಾತಿನ ಹಾಗೆ ನಂಬಿದ ಕೆಂಪು ಅಂಕಿ ಒಂದು ಒದ್ದೆ ಅರಿವೆಗೆ ಹಾಗೆ ಓಡಿತು.

ಪ್ರಕಾಶ ಗೋಡೆಗೆ ಒರಗಿ ಕೂತುಬಿಟ್ಟ. "ನಾ ಛಲೋ ವೈರ್ ಹಾಕಿದ್ನಲ್ರಿ ಭಾಯಿ. ದಪ್ಪಂದು."

"ವೈರ್ ಛಲೋನs ಅದ ತಮ್ಮ. ಧಾತು ಬ್ಯಾರೆ ಅದ. ನೂರ ಮಂದಿ ಹಿಂಗs ಮಾಡ್ತಾರ."

ಹೊಸ ಕೇಬಲ್ ಅವರ ಚೀಲದಲ್ಲೇ ಇತ್ತು. ಥರ್ಮೋಕಪಲ್ಲಿಗೆ ಹೊಂದುವ ಧಾತುವಿನಿಂದಲೇ ಮಾಡಿದ್ದು, ಕಾಂಪೆನ್ಸೇಟಿಂಗ್ ಕೇಬಲ್ ಅನ್ನುತ್ತಾರೆ. ನಮ್ಮ ಕಡ್ಡಿ ಕೆ ಟೈಪಿನದು, ಹಾಗಾಗಿ ಕೇಬಲ್ಲೂ ಕೆ ಟೈಪಿನದೇ ಬೇಕು. ತುದಿಗಳನ್ನು ಕೆರೆದು ಹೊಳಪು ಬರಿಸಿ, ಕಡ್ಡಿಯ ತಲೆಯಿಂದ ಮೀಟರಿನ ತನಕ ನಡುವೆ ಎಲ್ಲೂ ತಾಮ್ರ ಸೇರಿಸದೆ ಎಳೆದರು. ಹೀಟರಿನ ದಪ್ಪ ಕೇಬಲ್ಲಿನ ಮಗ್ಗುಲಿಗೆ ಕಟ್ಟದೆ ದೂರದಿಂದ ಒಯ್ದರು. ಮೀಟರಿಗೆ ಜೋಡಿಸುವ ಹೊತ್ತಿಗೆ ಪ್ರಕಾಶನನ್ನೇ ಕರೆದು ಸ್ಕ್ರೂಡ್ರೈವರ್ ಕೊಟ್ಟರು. ಅವನು ಕೆಂಪು ವೈರನ್ನು ಪ್ಲಸ್ಸಿಗೆ ಒಯ್ದ.

"ತಡಿ. ಈ ಕೇಬಲ್ಲಿನಾಗ ಕೆಂಪ ಅಂದ್ರ ಮೈನಸ್. ಹಳದಿ ಪ್ಲಸ್."

"ಕೆಂಪ ಮೈನಸ್ಸಾ? ಕಲಿಗಾಲ ಬಂತ ಬಿಡ್ರಿ ಭಾಯಿ" ಎಂದ ಪ್ರಕಾಶ. ಅಷ್ಟು ಹೊತ್ತಿನ ಮೇಲೆ ಎಲ್ಲರಿಗೂ ಸ್ವಲ್ಪ ನಗು ಬಂತು. ಎಲ್ಲಾ ಕಂಪನಿಯ ಕೇಬಲ್ಲಿಗೂ ಒಂದೇ ಬಣ್ಣ ಇರುವುದಿಲ್ಲವಂತೆ, ಮೇಲಿನ ಚೀಟಿ ಓದಿಯೇ ಹಾಕಬೇಕಂತೆ. ಹಾಕಿದ ಮೇಲೆ ಕಡ್ಡಿಯ ತುದಿಗೆ ಬಿಸಿ ಹಿಡಿದರೆ ಅಂಕಿ ಏರಬೇಕು, ಇಳಿದರೆ ಉಲ್ಟಾ ಆಗಿದೆ ಎಂದರ್ಥ. ಅಂದು ಮಧ್ಯಾಹ್ನ ಡ್ರೈಯರ್ ಪೂರ್ತಿ ಕಾದ ಮೇಲೆ ಎರಡೂ ಮೀಟರು ನೋಡಿದೆವು. ನಮ್ಮದು 110, ಅವರದು 111. ಮಧ್ಯಾಹ್ನದ ರೊಟ್ಟಿ ಕೆನೆ ಬಣ್ಣಕ್ಕೆ ಇಳಿದವು. ಬೆಂಕಿ ಹತ್ತಲಿಲ್ಲ, ಯಾರ ಕೈಯೂ ಸುಡಲಿಲ್ಲ, ಅಷ್ಟಾದರೂ ದೇವಿ ಕಾಯ್ದಳು ಅಂದುಕೊಂಡೆ. ಆಗ್ನೇಯ ಮೂಲೆಯದೂ ತಪ್ಪಿಲ್ಲ. ಡ್ರೈಯರ್ ಇವತ್ತಿಗೂ ಅಲ್ಲೇ ಇದೆ.

ನಾನು, ಮಂಗಲಕ್ಕ, ಕಸ್ತೂರಿ ಮೂವರೂ ಅಂದೇ ಸಂಜೆ ಮಾವಶಿಯ ಮನೆಗೆ ಹೋದೆವು. ಪ್ರಕಾಶ ತಾನೂ ಬರುತ್ತೇನೆಂದ. ಬಂದವನು ಅಂಗಳದಲ್ಲೇ ನಿಂತ. ಮಾವಶಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ಒಳಗೆ ಸೊಸೆ ಒಲೆಯ ಮುಂದೆ. ಆ ಮನೆಯಲ್ಲಿ ಒಗ್ಗರಣೆಯನ್ನು ಮಾವಶಿ ಯಾರ ಕೈಗೂ ಕೊಟ್ಟವಳಲ್ಲ. "ಅತ್ತಿ ಈಗ ಒಲಿ ಹತ್ರ ಬರೂದs ಬಿಟ್ಟಾರ" ಎಂದು ಸೊಸೆ ನನಗೆ ಮೆಲ್ಲಗೆ ಹೇಳಿದಳು. "ಹಾಲ ಕೆಟ್ಟದೇನ ನೋಡಂತ ನನ್ನ ಕರೀತಾರ."

ಮಂಗಲಕ್ಕ ಮಾವಶಿಯ ಎರಡೂ ಕೈ ಹಿಡಿದುಕೊಂಡು ವೈರಿನದು, ಜೋಡಿನದು, ಗೋಡೆಯ ಪೈಪಿನದು ಎಲ್ಲ ಹೇಳಿದಳು. ಕಸ್ತೂರಿ ಕಾಲಿಗೆ ಬಿದ್ದಳು. ಮಾವಶಿ ಅವಳನ್ನು ಎಬ್ಬಿಸಿ, "ಏಳ ಹುಡುಗಿ, ನಾಲಿಗಿ ಇದ್ದಾಕಿ ಮಾತಾಡ್ತಾಳ" ಎಂದು ಬೆನ್ನು ಸವರಿದಳು. ಪ್ರಕಾಶನಿಗೆ ನೀರು ಕೊಡು ಎಂದು ಸೊಸೆಯನ್ನು ಕೂಗಿದಳು. ಯಾರ ಮೇಲೂ ಸಿಟ್ಟಿರಲಿಲ್ಲ.

"ನಿನ್ನ ಮೂಗ ಬರೋಬ್ಬರಿ ಅದ ಮಾವಶಿ. ನಾ ನಿಂತಾಗ ನನಗೂ ವಾಸನಿ ಬರಲಿಲ್ಲ. ನಾಳಿಂದ ನಿನ್ನ ಪಾಳಿಗೆ ಬಾ" ಅಂದೆ ನಾನು.

ಅವಳು ನಕ್ಕಳು. "ನಿಮ್ಮ ಮೀಟರಿಗೆ ನೀರ ಕುದಿಸಿ ನೋಡಿದ್ರಿ, ಸೊಲ್ಲಾಪುರದಿಂದ ಮನಷ್ಯಾನ್ನ ಕರಸಿದ್ರಿ. ನನ್ನ ಮೂಗಿಗೆ ಏನ ಕುದಿಸಿ ನೋಡ್ತೀರಿ?"

ನಾನು ಒಳಗೆ ಹೋಗಿ ಸೊಸೆಯ ಕೈಯಿಂದ ಇಂಗಿನ ಡಬ್ಬಿ ಇಸಕೊಂಡು ಬಂದು ಅವಳ ಮೂಗಿನ ಹತ್ತಿರ ಹಿಡಿದೆ. "ನೋಡು. ಬರ್ತದಿಲ್ಲ?"

ಕಣ್ಣು ಮುಚ್ಚಿ ಬಹಳ ಹೊತ್ತು ಉಸಿರೆಳೆದಳು. "ಬರ್ತದ. ಬಂಧಂಗ ಅನಸ್ತದ. ಆದ್ರ ಕೈಯಾಗ ಇಂಗಿನ ಡಬ್ಬಿ ನೋಡಿದೆ ಅಂತ ಬರ್ತದೋ, ಖರೇನ ಬರ್ತದೋ, ನಾ ಹೆಂಗ ಹೇಳ್ಲಿ ಸುವರ್ಣಾ? ಮದಲ ಹಿಂಗ ವಿಚಾರ ಮಾಡಿದಾಕಿನs ಅಲ್ಲ ನಾ."

ಕಣ್ಣು ಮುಚ್ಚಿಸಿ ಬೇರೆ ಬೇರೆ ಡಬ್ಬಿ ಹಿಡಿದು ನೋಡೋಣವೆಂದು ಕಸ್ತೂರಿ ಅಂದಳು. ಮಾವಶಿ ಬೇಡವೆಂದಳು. "ತಪ್ಪ ಹೇಳಿದ್ರ?" ಎಂದಳು ಅಷ್ಟೇ. ಚಹಾ ಕುಡಿದು ಎದ್ದೆವು.

ಆಮೇಲೆ ಎಷ್ಟೋ ಗುರುವಾರ ನಮ್ಮೂರ ಸ್ವಾಮಿಗಳ ಮಠಕ್ಕೆ ಹೋಗಿ ಬರುವಾಗ ನಾನು ಅವಳ ಮನೆಗೆ ಹೋಗಿ ಕೂಡುತ್ತಿದ್ದೆ. ಡಾಕ್ಟರಿಗೆ ತೋರಿಸೋಣ ಅಂದೆ. ಮಗನೂ ಕರೆದುಕೊಂಡು ಹೋದ, ಮೂಗಿಗೆ ಏನೂ ಆಗಿಲ್ಲ ಎಂದು ಡಾಕ್ಟರರೂ ಹೇಳಿದರು. ಅವಳು ಅವರಿಗೂ ನಮಸ್ಕಾರ ಮಾಡಿ ಬಂದಳು. ಯುಗಾದಿಯ ಮೇಲೆ ಒಂದು ದಿನ, ಮನೆಯಲ್ಲಿ ಕೂತು ಕೂತು ಸಾಕಾಯಿತೆಂದು, ತಾನಾಗಿಯೇ ಕಾರಖಾನೆಗೆ ಬಂದು ಪ್ಯಾಕಿಂಗಿಗೆ ಕೂತಳು. ಬಂದಳಲ್ಲ, ಅದೇ ದೊಡ್ಡದೆಂದು ಅವತ್ತು ಮನೆಗೆ ಹೋಗಿ ದೇವಿಗೆ ತುಪ್ಪದ ದೀಪ ಹಚ್ಚಿದೆ. ಡ್ರೈಯರಿನ ಹತ್ತಿರ ಮಾತ್ರ ಅವಳು ಮತ್ತೆ ಹೋಗಲಿಲ್ಲ.

ಈಗ ಡ್ರೈಯರಿನ ಪೂರ್ತಿ ಹೊಣೆ ನನ್ನದು. ಈ ಕೆಲಸ ಕಲಿಸಿದ್ದನ್ನು ಹೊಸಬರಿಗೆ ಹೇಳುತ್ತಿರುತ್ತೇನೆ. ಪರೀಕ್ಷೆ ಮಾಡುವುದಿದ್ದರೆ ಯಂತ್ರ ದುಡಿಯುವ ಹೊತ್ತಿಗೆ, ಪೂರ್ತಿ ಕಾದ ಮೇಲೆ ಮಾಡಿರಿ. ತಣ್ಣಗಿದ್ದಾಗ ಸರಿ ಹೇಳಿದ ಮೀಟರು ಬಿಸಿಯಾದಾಗಲೂ ಸರಿ ಹೇಳುತ್ತದೆಂದು ತಿಳಿಯಬೇಡಿರಿ. ಕಡ್ಡಿಯಿಂದ ಮೀಟರಿನ ತನಕ ಬೆರಳಾಡಿಸಿ ನೋಡಿರಿ, ನಡುವೆ ಯಾರು ಏನು ಜೋಡಿಸಿದ್ದಾರೆ ಎಂದು. ಒಬ್ಬರ ಕಡೆ ಕೈ ತೋರಿಸುವ ಮೊದಲು ಅವರು ನಿಂತ ಜಾಗದಲ್ಲಿ, ಅವರು ನಿಂತ ಹೊತ್ತಿನಲ್ಲಿ, ನೀವು ಒಂದು ಪಾಳಿ ನಿಂತು ನೋಡಿರಿ. ನಾನು ಆ ಒಂದು ಪಾಳಿ ನಿಂತದ್ದು ಮಾವಶಿ ಹೋದ ಮರುದಿನ. ಎರಡು ದಿನ ಮೊದಲು ನಿಂತಿದ್ದರೆ ಆಗುತ್ತಿತ್ತು. ಕೇಬಲ್ ಬದಲಾಯಿಸಲು ಮುಜಾವರ ಭಾಯಿಗೆ ಊಟದ ಹೊತ್ತಿನಷ್ಟೂ ಹಿಡಿಯಲಿಲ್ಲ.

ಟ್ರೇ ಇಳಿಸಿ ನಾನು ಪ್ಯಾಕಿಂಗಿಗೆ ಹೋದಾಗ ಮಾವಶಿ ನನ್ನ ಮಗ್ಗುಲಿಗೇ ಕೂತು ರೊಟ್ಟಿ ಎಣಿಸಿ ಪಾಕೀಟಿಗೆ ಹಾಕುತ್ತಾಳೆ. ನಡುನಡುವೆ ಒಂದನ್ನು ತೆಗೆದು ಬೆಳಕಿಗೆ ಹಿಡಿದು, ಅತ್ತ ಇತ್ತ ತಿರುವಿ, ನನ್ನ ಕಡೆ ಚಾಚುತ್ತಾಳೆ. "ಸುಟ್ಟಿಲ್ಲ, ಹೌದಲ್ಲ ಸುವರ್ಣಾ?"

"ಸುಟ್ಟಿಲ್ಲ ಮಾವಶಿ" ಅನ್ನುತ್ತೇನೆ.

"ಖರೇನ?"

"ಖರೇನ."

ಪಾಕೀಟಿಗೆ ಹಾಕುತ್ತಾಳೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಚಾಚುತ್ತಾಳೆ.